ಕುರುಡು ಗಿಳಿಯ ನಕಲು

ನಮ್ಮ ರಾಚಪ್ಪ ಕಾಕಾ ಏನು ಕೆಲಸ ಮಾಡುತ್ತಿದ್ದ ಎಂದು ಯಾರಾದರೂ ಕೇಳಿದರೆ ನನಗೆ ಉತ್ತರ ಹೇಳುವುದು ಯಾವತ್ತೂ ಕಷ್ಟ. ನೇಕಾರ ಎಂದರೆ ಸುಳ್ಳಾಗುತ್ತದೆ, ಅವನು ಮಗ್ಗದ ಮುಂದೆ ನಿಂತದ್ದು ಹರೆಯದಲ್ಲಿ ಕೆಲವು ವರ್ಷ ಮಾತ್ರ. ಚಿತ್ರಗಾರ ಎಂದರೆ ಅದೂ ಸುಳ್ಳು, ಅವನ ಕೈಗೆ ಸುಣ್ಣದ ಕಡ್ಡಿ ಕೊಟ್ಟರೆ ಒಂದು ಬದನೆಕಾಯಿ ಕೂಡ ನೆಟ್ಟಗೆ ಬರುತ್ತಿರಲಿಲ್ಲ. ಅವನು ತೂತು ಹೊಡೆಯುವವನು. ಬೇರೆಯವರು ಎಲ್ಲಿ ತೂತು ಹೊಡೆದಿದ್ದಾರೋ ಸರಿಯಾಗಿ ಅಲ್ಲೇ, ಹೊಸ ರಟ್ಟಿನ ಮೇಲೆ ಇನ್ನೊಮ್ಮೆ ಹೊಡೆಯುವವನು. ಇದೂ ಒಂದು ಕಸಬೇ ಎಂದು ನಗುವವರನ್ನು ನಾನು ಬಹಳ ನೋಡಿದ್ದೇನೆ. ನಗುವಾಗ ಅವರ ಮೈಮೇಲೆ ಸೊಲ್ಲಾಪುರದ ಚಾದರೇ ಇರುತ್ತಿತ್ತು.

ಚಾದರಿನ ಮಗ್ಗದ ತಲೆಯ ಮೇಲೆ ಜಕಾರ್ಡ್ ಎಂಬ ಒಂದು ಚೌಕಟ್ಟು ಕೂತಿರುತ್ತದೆ. ರಟ್ಟಿನ ಕಾರ್ಡುಗಳನ್ನು ದಾರದಿಂದ ಒಂದಕ್ಕೊಂದು ಹೊಲಿದು ಮಾಡಿದ ಉದ್ದನೆಯ ಮಾಲೆ ಅದರ ಮೇಲಿಂದ ಒಂದೊಂದೇ ಕಾರ್ಡಾಗಿ ಇಳಿಯುತ್ತದೆ. ಕಾರ್ಡಿನಲ್ಲಿ ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಒಂದು ಕಾರ್ಡಿಗೆ ಚಿತ್ರದ ಒಂದು ಗೆರೆ. ಬಳ್ಳಿ, ಹೂವು, ನವಿಲು, ಹುಲಿ ಎಲ್ಲ ಇಷ್ಟೇ. ತೂತು ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತ ವ್ಯವಹಾರ. ಮಾಲೆ ತಿರುಗಿ ತಿರುಗಿ ರಟ್ಟು ಸವೆಯುತ್ತದೆ, ಅಂಚು ಹರಿಯುತ್ತದೆ, ಇಲಿ ಕಡಿಯುತ್ತದೆ. ಆಗ ಯಾರಾದರೂ ಅದರ ನಕಲು ತೆಗೆಯಬೇಕು. ಇಲ್ಲದಿದ್ದರೆ ಆ ಚಿತ್ರ ಲೋಕದಿಂದಲೇ ಹೋದಂತೆ.

ಕಾಕಾನ ಹತ್ತಿರ ಮೈಯೆಲ್ಲ ತೂತಿನ ಕಬ್ಬಿಣದ ಒಂದು ತಗಡಿತ್ತು. ಅದರ ಮೇಲೆ ಹೊಸ ರಟ್ಟು, ಹೊಸ ರಟ್ಟಿನ ಮೇಲೆ ಹಳೆಯ ಕಾರ್ಡು. ಎರಡೂ ಸರಿಯದಂತೆ ತುದಿಯ ಗೂಟಗಳಿಗೆ ಸಿಕ್ಕಿಸಿ, ಹಳೆಯದರ ತೂತಿನೊಳಗೆ ಉಳಿ ಇಟ್ಟು ಮರದ ಸುತ್ತಿಗೆಯಿಂದ ಒಂದು ಏಟು. ಹಳೆಯದರಲ್ಲಿ ಎಲ್ಲಿದೆಯೋ ಹೊಸದರಲ್ಲಿ ಅಲ್ಲೇ. ಕಾಕಾ ಈ ಕೆಲಸ ಮಾಡುವಾಗ ಮಾತಾಡುತ್ತಿರಲಿಲ್ಲ, ಎಲೆ ಅಡಿಕೆ ಕೂಡ ಹಾಕುತ್ತಿರಲಿಲ್ಲ. ಹಳೆಯ ಕಾರ್ಡಿನಲ್ಲಿ ತಪ್ಪು ಇದ್ದರೂ ತಿದ್ದುತ್ತಿರಲಿಲ್ಲ. ಕಾರಖಾನೆಯವರು, “ರಾಚಪ್ಪ, ಆ ಹೂವಿನ ದಂಟು ವಾಂಕಡಾ ಅದ, ಜರಾ ಸರಿ ಮಾಡು,” ಎಂದರೆ ಅವನದು ಒಂದೇ ಮಾತು: “ಇದ್ದದ್ದು ಇದ್ದಂಗ್ರಿ. ದಂಟು ಸೊಟ್ಟ ಇಟ್ಟವನಿಗೆ ಏನ ಲೆಕ್ಕ ಇತ್ತೊ ನನಗೇನ ಗೊತ್ತು?”

ಈ ಮಾತು ಅವನಿಗೆ ಕಲಿಸಿದವನು ಖಂಡಪ್ಪ, ಅವನ ಉಸ್ತಾದ.

ಖಂಡಪ್ಪ ಕುರನೂರಿನವನು. ಅವನ ಮನೆತನದವರೂ ನಮ್ಮ ಹಾಗೆ ಕುರಿಯವರು, ಮೈಲಾರನ ಒಕ್ಕಲು, ಕಂಬಳಿ ನೇಯುವವರು. ನಮ್ಮ ಕಡೆ ಕಂಬಳಿ ನೇಯುವವರಿಗೆ ಒಂದು ರೂಢಿಯಿದೆ. ಎಷ್ಟೇ ಚೆಂದ ನೇಯ್ದರೂ ಅಂಚಿನಲ್ಲಿ ಒಂದು ಕಡೆ ಒಂದು ಎಳೆ ತಪ್ಪಿಸಿಬಿಡುತ್ತಾರೆ. ಪೂರಾ ಚೆಂದ ಇದ್ದದ್ದಕ್ಕೆ ದೃಷ್ಟಿ ತಾಗುತ್ತದೆ. ಕೂಸಿನ ಗಲ್ಲಕ್ಕೆ ಕಾಡಿಗೆ ಬೊಟ್ಟು ಇಟ್ಟ ಹಾಗೆ. ಖಂಡಪ್ಪ ಕಂಬಳಿ ಬಿಟ್ಟು ಸೊಲ್ಲಾಪುರಕ್ಕೆ ಬಂದು ಜಕಾರ್ಡ್ ಕಲಿತು ಚಿತ್ರ ಕಟ್ಟುವ ದೊಡ್ಡ ಕೈ ಎನಿಸಿಕೊಂಡ. ಆದರೆ ಆ ರೂಢಿ ಬಿಡಲಿಲ್ಲ. ಅವನ ಚಿತ್ರಗಳಲ್ಲೆಲ್ಲ ಹೆಸರಾದದ್ದು ಗಿಳಿಜೋಡಿ. ಜೋಳದ ತೆನೆಯ ಅತ್ತ ಒಂದು ಗಿಳಿ, ಇತ್ತ ಒಂದು ಗಿಳಿ. ಎಡಗಡೆಯದಕ್ಕೆ ಕಣ್ಣಿದೆ, ಬಲಗಡೆಯದಕ್ಕೆ ಇಲ್ಲ. ಕಣ್ಣಿನ ಜಾಗದಲ್ಲಿ ಒಂದೇ ಒಂದು ತೂತು ಹೊಡೆಯದೆ ಬಿಟ್ಟಿದ್ದಾನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಕಾ ಕೇಳಿದನಂತೆ, “ಉಸ್ತಾದ, ಇಲ್ಲೊಂದು ತೂತ ಬಿಟ್ಟದಲ್ರಿ?”

“ಬಿಟ್ಟದ್ದಲ್ಲೋ ಮಳ್ಳ, ಇಟ್ಟದ್ದು,” ಎಂದನಂತೆ ಖಂಡಪ್ಪ.

ಬಾಜಾರದಲ್ಲಿ ಅದಕ್ಕೆ ಕುರುಡು ಗಿಳಿ ಎಂದೇ ಹೆಸರು ಬಿತ್ತು. ಅರವಿ ಅಂಗಡಿಯವರು ಚಾದರು ಬಿಚ್ಚಿ ಮೊದಲು ಬಲಗಡೆಯ ಗಿಳಿ ನೋಡುತ್ತಿದ್ದರು. ಕಣ್ಣಿಲ್ಲ ಅಂದರೆ ಖಂಡಪ್ಪನ ಮಾಲು, ಕಣ್ಣು ಮುಚ್ಚಿ ತಗೋಬಹುದು.

ಖಂಡಪ್ಪ ಎಪ್ಪತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಹೆಂಡತಿ ಮುಕ್ತಾಬಾಯಿ ಅಕ್ಕಲಕೋಟೆಗೆ, ತನ್ನ ತಮ್ಮ ಬಿಟ್ಟುಹೋದ ಒಂದು ಖೋಲಿಗೆ ಬಂದು ಕೂತಳು. ಅವಳಿಗೆ ಗಂಡ ಬಿಟ್ಟದ್ದು ಹೊಲವಲ್ಲ, ಮನೆಯಲ್ಲ, ಆ ಗಿಳಿಯ ಕಾರ್ಡುಮಾಲೆ. ದೀಪಾವಳಿಗೆ ಮುಂಚೆ ಯಾವುದಾದರೂ ಕಾರಖಾನೆಯವರು ಅದನ್ನು ಬಾಡಿಗೆಗೆ ಒಯ್ದು, ಕೆಲವು ತಿಂಗಳು ನೇಯ್ದು, ತಿರುಗಿ ತಂದುಕೊಡಬೇಕು. ಆ ಬಾಡಿಗೆಯ ಮೇಲೆ ಅವಳ ವರ್ಷದ ಅನ್ನ. ಬೀಡಿ ಸುತ್ತೋಣವೆಂದರೆ ಬೆರಳು ಬಗ್ಗುತ್ತಿರಲಿಲ್ಲ. ಮಾಲೆಯ ನಕಲು ಯಾರಾದರೂ ತೆಗೆದರೆಂದರೆ ಬಾಡಿಗೆ ಕೇಳಿಕೊಂಡು ಅಕ್ಕಲಕೋಟೆಗೆ ಯಾರು ಬರುತ್ತಾರೆ? ಆದ್ದರಿಂದ ಮುಕ್ತಾಬಾಯಿಯದು ಒಂದೇ ಕರಾರು. ರಾಚಪ್ಪ ಒಯ್ಯಬೇಕು, ರಾಚಪ್ಪ ತರಬೇಕು. ಕಾಕಾನ ಹೆಂಡತಿ ಚೊಚ್ಚಲ ಬಾಣಂತನದಲ್ಲೇ ಹೋದವಳು, ಕೂಸೂ ಉಳಿಯಲಿಲ್ಲ. ಅವನು ಮುಕ್ತಾಬಾಯಿಯನ್ನು ಅವ್ವ ಎನ್ನುತ್ತಿದ್ದ. ಬಾಯಿಮಾತಿಗೆ ಅನ್ನುವವರು ಬೇರೆ. ಇವನು ಅವಳ ಮನೆಯ ಹಂಚು ಹೊದಿಸಿದ, ನೀರು ಸೇದಿದ, ಅವಳು ಬೈದರೆ ತಲೆ ತಗ್ಗಿಸಿದ.

ಎಪ್ಪತ್ತಾರನೆಯ ಇಸವಿಯಲ್ಲಿ ಮಾಲೆ ಬಾಡಿಗೆಗೆ ಬಂದದ್ದು ಕಾಕಾ ಇದ್ದ ಕಾರಖಾನೆಗೇ, ಶಾಂತಲಿಂಗಪ್ಪ ಸಾವಕಾರರಲ್ಲಿಗೆ. ಇವರನ್ನು ಕೆಟ್ಟವರೆಂದು ಹೇಳಿ ಮುಗಿಸಿಬಿಡಲು ನನಗೂ ಆಸೆಯೇ. ಆದರೆ ಅವರು ಕೆಟ್ಟವರಾಗಿದ್ದರೆ ಕಾಕಾ ಒಲ್ಲೆ ಅನ್ನುವುದು ಸುಲಭವಾಗುತ್ತಿತ್ತು. ಹತ್ತಿಯ ಧೂಳು ಕುಡಿದು ಕಾಕಾನ ಎದೆ ಕೆಟ್ಟು, ಮಗ್ಗದ ಮುಂದೆ ನಿಲ್ಲಲಾಗದೆ ಹೋದಾಗ ಉಳಿದವರು ಕೈಬಿಟ್ಟರು. ಇವರು ಕಾರ್ಡಿನ ಕೆಲಸ ಕೊಟ್ಟು, ಕಾರಖಾನೆಯ ಹಿಂದೆ ಒಂದು ಖೋಲಿ ಕೊಟ್ಟು, “ಇರು,” ಎಂದರು. ಹಣೆಗೆ ಮೂರು ಬೆರಳಿನ ವಿಭೂತಿ, ಮಾತಿಗೆ ಮೊದಲು ಚಹಾ. ಇಂಥವರು ಕೇಳಿದಾಗ ಇಲ್ಲ ಅನ್ನುವುದು ಬಡವನಿಗೆ ಬಲು ಕಷ್ಟ.

“ಗಿಳಿ ಮಾಲಿ ವಾಪಸ ಒಯ್ಯೂದು ಯಾವಾಗ?” ಎಂದು ಕೇಳಿದರಂತೆ.

“ಮುಂದಿನ ಅಮಾಸಿಗಿ ಒಯ್ತೀನ್ರಿ ಸಾವ್ಕಾರ್ರ. ಕರಾರ ಮುಗೀತದ.”

“ಒಯ್ಯೂಣು. ಅಷ್ಟರಾಗ ಒಂದ ನಕಲ ತಗದ ಬಿಡು. ಆ ಮುದುಕಿ ಏನ ಶಾಶ್ವತ ಇರತಾಳೇನು? ನಾಳಿ ಆಕೀ ಕಣ್ಣ ಮುಚ್ಚಿದ್ರ ಯಾರೋ ರದ್ದೀಗಿ ಹಾಕ್ತಾರ. ನಮ್ಮಲ್ಲಿ ಇದ್ರ ಖಂಡಪ್ಪನ ಹೆಸರರೆ ಉಳೀತದ.” ಆಮೇಲೆ ಚಹಾ ಬಸಿಗೆ ಸುರುವಿಕೊಳ್ಳುತ್ತ, “ಮತ್ತ ನೋಡು, ಆ ಕುರುಡ ಗಿಳೀಗಿ ಕಣ್ಣಿಂದೊಂದು ತೂತ ಹೊಡದ ಬಿಡು. ಕಣ್ಣ ಇದ್ದ ಗಿಳಿ ನಮ್ದು, ಕಣ್ಣ ಇಲ್ಲದ್ದು ಆಕೀದು. ತಂಟೇನ ಇಲ್ಲ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾಣತನ ಇದು.

ನಾನು ಆಗ ಮದುವೆಯಾಗಿ ಸೊಲ್ಲಾಪುರದಲ್ಲೇ ಇದ್ದೆ. ನನ್ನ ಯಜಮಾನರು ರೇಲ್ವೆಯ ಪಾರ್ಸಲ್ ಆಫೀಸಿನಲ್ಲಿ. ವಾರದಲ್ಲಿ ಒಮ್ಮೆ ಕಾಕಾನಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದೆ. ಹಾಗೆ ಹೋದ ಒಂದು ದಿನ ಅವನು ಗಿಳಿಯ ಮಾಲೆ ಬಿಚ್ಚಿ ಹೊಸ ರಟ್ಟಿನ ಮೇಲೆ ಇಟ್ಟು ಕೂತದ್ದು ಕಂಡೆ. ಕೇಳಿದರೆ ಎಲ್ಲ ಹೇಳಿದ. ನನಗೆ ಮೈ ಉರಿಯಿತು.

“ಆಗಂಗಿಲ್ಲ ಅಂತ ಹೇಳ್ಬಾರದೇನ್ರಿ, ಕಾಕಾ? ಮುಕ್ತಾಬಾಯಿ ಆಯಿ ನಿಮ್ಮನ್ನ ನಂಬಿ ಕೊಟ್ಟಾಳ.”

“ಹೇಳಿ ಎಲ್ಲಿ ಹೋಗ್ಲಿ, ನೀಲವ್ವ? ಈ ಎದಿ ತಗೊಂಡು ಕುರಿ ಹಿಂದ ಓಡ್ಲೇನು?”

“ಓಡ್ರಿ. ಅದರಾಗರೆ ಮರ್ಯಾದಿ ಅದ.”

ಅವನು ಉಳಿ ಇಟ್ಟ, ಹೊಡೆದ. ನಾನು ಬುತ್ತಿ ಅವನ ಪಕ್ಕಕ್ಕೆ ಸರಿಸಿ, ಸಿಟ್ಟಿನಿಂದ ಗೋಡೆಗೆ ಒರಗಿ ಕೂತೆ. ಎದ್ದು ಬಂದಿದ್ದರೆ ಚೆನ್ನಾಗಿತ್ತು. ಮುಂದಿನದನ್ನು ನೋಡುವುದು ತಪ್ಪುತ್ತಿತ್ತು.

ಸ್ವಲ್ಪ ಹೊತ್ತಿಗೆ ಶಾಂತಲಿಂಗಪ್ಪನವರು ಬಂದರು. ನನ್ನ ಕಡೆ ನೋಡಿ, “ಏನವ್ವ, ಯಾವಾಗ ಬಂದಿ?” ಎಂದು ಪ್ರೀತಿಯಿಂದಲೇ ವಿಚಾರಿಸಿದರು. ಆಮೇಲೆ ಕಾಕಾನ ಹಿಂದೆ ನಿಂತರು. ತಗಡಿನ ಮೇಲೆ ಕಣ್ಣಿನ ಗೆರೆಯ ಕಾರ್ಡು ಬಂದಿತ್ತು. ಕಾಕಾ ಇದ್ದ ತೂತುಗಳನ್ನೆಲ್ಲ ಹೊಡೆದು ಮುಗಿಸಿ ಕೈ ಕೆಳಗಿಟ್ಟ.

“ಇಲ್ಲೇನ ಅದು?” ಎಂದರು ಸಾವಕಾರರು.

ಕಾಕಾ ತಲೆಯಾಡಿಸಿದ.

“ಮತ್ತ? ಹೊಡಿ.”

ಕಾಕಾ ಉಳಿಯನ್ನು ಆ ಜಾಗದಲ್ಲಿ ಇಟ್ಟ. ಸುತ್ತಿಗೆ ಎತ್ತಿ ಒಂದೇ ಏಟು ಹಾಕಿದ. ಸಾವಕಾರರು ಅವನ ಹೆಗಲು ತಟ್ಟಿ, “ಶಾಬಾಸ್,” ಎಂದು ಹೋದರು.

ಅವರು ಹೋದಮೇಲೆ ಕಾಕಾ ಕಾರ್ಡುಗಳನ್ನು ಗೂಟದಿಂದ ಬಿಡಿಸಿದ. ಹೊಸದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹಳೆಯದನ್ನು ಹಿಡಿದ. ಹಿಡಿದವನು ಹಿಡಿದೇ ಇದ್ದ. ನಾನು ಎದ್ದು ಹೋಗಿ ನೋಡಿದೆ. ಹಳೆಯ ಕಾರ್ಡಿನಲ್ಲೂ ಕಣ್ಣು ಬಿದ್ದಿತ್ತು. ಅಂಚು ಬೆಳ್ಳಗೆ, ಆಗತಾನೇ ಹರಿದ ರಟ್ಟಿನ ಬಣ್ಣ.

ಆದದ್ದು ಇಷ್ಟೇ. ಇಲ್ಲದ ತೂತು ಹೊಸದಾಗಿ ಹೊಡೆಯಬೇಕಾದರೆ ಮೊದಲು ಹಳೆಯ ಕಾರ್ಡನ್ನು ಮೇಲಿನಿಂದ ತೆಗೆದು, ಬರೀ ಹೊಸದರ ಮೇಲೆ ಹೊಡೆಯಬೇಕು. ಬೇರೆ ಯಾವ ಕಾರ್ಡಿನವನಾದರೂ ಹಾಗೆಯೇ ಮಾಡುತ್ತಿದ್ದ. ಆದರೆ ನಮ್ಮ ಕಾಕಾ ಜನ್ಮದಲ್ಲಿ ಒಂದು ಸಲವೂ ಇಲ್ಲದ ತೂತು ಹೊಡೆದವನಲ್ಲ. ಹಳೆಯದು ಮೇಲೆ, ಹೊಸದು ಕೆಳಗೆ, ಇಷ್ಟೇ ಅವನ ಕೈಗೆ ಗೊತ್ತು. ಪ್ರಾಮಾಣಿಕನಿಗೆ ಕಳ್ಳತನ ಮಾಡಲೂ ಬರುವುದಿಲ್ಲ ನೋಡಿ. ನಕಲು ತಿದ್ದಲು ಹೋಗಿ ಅಸಲನ್ನೇ ತಿದ್ದಿಬಿಟ್ಟ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲೇ ಕರಗಿತು.

“ಉಸ್ತಾದ ಇಟ್ಟದ್ದು ಇದು,” ಎಂದ ಕಾಕಾ.

ತಪ್ಪಿ ಬಿದ್ದ ತೂತು ಮುಚ್ಚುವುದು ಕಾರ್ಡಿನವರಿಗೆ ಹೊಸದಲ್ಲ. ರಟ್ಟಿನ ಚೂರು ಕತ್ತರಿಸಿ, ಹುಣಸೆ ಬೀಜದ ಅಂಟು ಹಚ್ಚಿ, ಮೇಲೆ ಕೆಳಗೆ ತೆಳ್ಳನೆಯ ಕಾಗದ ಬಳಿದು ಭಾರ ಇಟ್ಟು ಒಣಗಿಸಿದರಾಯಿತು. ಕಾಕಾ ಆ ತೇಪೆ ಹಾಕಿದ. ಬಣ್ಣ ಹೊಂದಲೆಂದು ಚಹಾದ ನೀರು ಸವರಿದ. ಕಣ್ಣಿಗೆ ತಿಳಿಯುತ್ತಿರಲಿಲ್ಲ. ಉಳಿದ ಕಾರ್ಡುಗಳ ನಕಲು ಮುಗಿಸಿದ, ಆ ನಕಲಿನಿಂದ ಇನ್ನೊಂದು ನಕಲೂ ತೆಗೆದುಕೊಟ್ಟ. ಎರಡು ಮಗ್ಗದ ಮೇಲೆ ಕಣ್ಣು ಬಿಟ್ಟ ಗಿಳಿಗಳು ಹಾರತೊಡಗಿದವು.

ಮಾಲೆ ತಿರುಗಿ ಕೊಡುವ ದಿನ, “ನೀನೂ ಬಾ ನೀಲವ್ವ,” ಎಂದು ಕಾಕಾ ನನ್ನನ್ನು ಕರೆದ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಅಮಾವಾಸ್ಯೆಗೆ ಅಕ್ಕಲಕೋಟೆಯ ಸ್ವಾಮಿಗಳ ದರ್ಶನಕ್ಕೆ ಹೊರಟವರಿಂದ ಎಸ್‌.ಟಿ. ಬಸ್ಸು ತುಂಬಿ ತುಳುಕುತ್ತಿತ್ತು. ಮಾಲೆಯ ಗಂಟನ್ನು ಕಾಕಾ ತೊಡೆಯ ಮೇಲೆ ಇಟ್ಟುಕೊಂಡು, ದಾರಿಯುದ್ದಕ್ಕೂ ಕೆಮ್ಮಿದ. ಕಂಡಕ್ಟರ್ ಗಂಟನ್ನು ಮೇಲೆ ಹಾಕು ಎಂದು ಮರಾಠಿಯಲ್ಲಿ ಗದರಿದರೂ ಬಿಡಲಿಲ್ಲ.

ಮುಕ್ತಾಬಾಯಿ ಹಳೇ ವಾಡೆಯ ಹಿಂದಿನ ಓಣಿಯಲ್ಲಿದ್ದಳು. ನಮ್ಮನ್ನು ಕಂಡದ್ದೇ ತಡ, “ಬಂದ್ಯಾ ರಾಚ್ಯಾ? ಎಷ್ಟ ಸೊರಗೀದಿಯೋ! ಬಾರವ್ವ ನೀಲಾ,” ಎಂದು ಬರಮಾಡಿಕೊಂಡಳು. ಝುಣಕ ಬೇಯುತ್ತಿತ್ತು. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಚಾಪೆ ಹಾಸಿ ಮಾಲೆ ಬಿಚ್ಚಿದಳು. ಇದು ಅವಳ ಪದ್ಧತಿ. ಮಾಲೆ ಮನೆಗೆ ಬಂದಾಗ ಒಂದೊಂದೇ ಕಾರ್ಡಿನ ಮೇಲೆ ಬೆರಳಾಡಿಸಿ, ಹರಿದದ್ದು ಬಾಗಿದ್ದು ನೋಡಿ, ಸಡಿಲಾದ ದಾರ ಬಿಗಿದು ಆಮೇಲೆ ಪೆಟ್ಟಿಗೆಯಲ್ಲಿಡಬೇಕು. ಆ ಮಾಲೆಯನ್ನು ಮೊದಲು ಹೊಲಿದವಳೇ ಅವಳು. ಗಂಡ ಹೊಡೆದಂತೆ ಹೊಡೆದಂತೆ ಇವಳು ಹೊಲಿದವಳು. ಬೆರಳು ಬಾಗದಿದ್ದರೇನು, ಚರ್ಮಕ್ಕೆ ಎಲ್ಲ ನೆನಪಿತ್ತು.

ಮಾತಾಡುತ್ತಲೇ ಇದ್ದಳು. ನೆರೆಮನೆಯವಳ ಮೇಕೆ ತುಳಸಿ ತಿಂದದ್ದು, ಸೀಮೆಎಣ್ಣೆ ಸಿಗದಿದ್ದದ್ದು. “ಈ ಸಲದ ಬಾಡಿಗಿ ಬಂದದ್ದಕ್ಕ ಮಳಿಗಾಲಕ್ಕ ಹೆದರಿಕಿ ಇಲ್ಲ ನೋಡು,” ಎಂದಳು. ಕಾರ್ಡುಗಳು ಅವಳ ಬೆರಳ ಕೆಳಗೆ ಸರಿಯುತ್ತಿದ್ದವು. ಒಂದು ಕಡೆ ಬೆರಳು ನಿಂತಿತು. ಮಾತೂ ನಿಂತಿತು. ಇನ್ನೊಮ್ಮೆ ಸವರಿದಳು. ಉಗುರಿನಿಂದ ಒಮ್ಮೆ ಕೆರೆದಳು.

ಕಾಕಾ ನೆಲ ನೋಡುತ್ತಿದ್ದ.

“ಇಲ್ಲಿ ತೇಪಿ ಯಾಕ ಬಂತು?” ಎಂದಳು.

ಕಾಕಾನಿಗೆ ಸುಳ್ಳು ಸಿದ್ಧವಿತ್ತು. ಬಸ್ಸಿನಲ್ಲಿ ನನ್ನ ಮುಂದೆಯೇ ಹೇಳಿ ನೋಡಿದ್ದ, ಇಲಿ ಕಡಿಯಿತು ಎಂದು. ಆದರೆ ಬಾಯಿಂದ ಬಂದದ್ದು ಅದಲ್ಲ. “ಅವ್ವಾ, ನಾ ಹೊಡದೆ,” ಎಂದ.

“ಇಲ್ಲದ ತೂತ ನೀ ಯಾಕ ಹೊಡದಿ?”

ಮುದುಕಿ ಅವನ ಮುಖ ನೋಡಿದಳು. ಆಗ ಅವಳಿಗೆ ಎಲ್ಲ ಹೊಳೆಯಿತು ಎಂದು ನನಗನ್ನಿಸುತ್ತದೆ, ಏಕೆಂದರೆ ಮುಂದಿನ ಮಾತು ಕೇಳುವಾಗ ದನಿ ಬೇರೆಯೇ ಇತ್ತು.

“ಎಷ್ಟ ನಕಲ ತಗದೀದಿ?”

“ಎರಡು.”

“ಅವಕ್ಕ ಕಣ್ಣ ಅದಾವೇನು?”

“ಅದಾವು.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಕಾಕಾನಿಗೆ ಹಗುರಾಗುತ್ತಿತ್ತು. ಮಾಲೆ ಮಡಚಿದಳು. ಎದ್ದು ರೊಟ್ಟಿ ಬಡಿದಳು, ನಮಗಿಬ್ಬರಿಗೂ ಬಡಿಸಿದಳು. ಮನೆಗೆ ಬಂದವರನ್ನು ಉಪವಾಸ ಕಳಿಸುವ ಜಾತಿಯಲ್ಲ. ಕಾಕಾ ಒಂದು ತುತ್ತು ಮುರಿದು ತಾಟಿನಲ್ಲೇ ಇಟ್ಟ.

ಹೊರಡುವಾಗ ಬಾಗಿಲಿನಲ್ಲಿ ನಿಂತು ಹೇಳಿದಳು, “ಅನ್ನ ಹೋದ್ರ ಹೋಗ್ಲಿ, ರಾಚಪ್ಪ. ಯಾರರೆ ನಾಕ ಮಂದಿ ಹಾಕ್ತಾರ. ಆದ್ರ ಉಸ್ತಾದ ಇಟ್ಟದ್ದು ನೀ ಕೆಡಿಸಿದಿ. ಇನ್ನ ಮ್ಯಾಲ ನನಗ ಅವ್ವ ಅನಬ್ಯಾಡ.”

ಯಾವತ್ತೂ ರಾಚ್ಯಾ ಎನ್ನುತ್ತಿದ್ದವಳು ರಾಚಪ್ಪ ಎಂದದ್ದೇ ಕಾಕಾನಿಗೆ ಸಾಕಾಗಿತ್ತು.

ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ಇಳಿದವನು ಖೋಲಿಗೆ ಹೋಗಲಿಲ್ಲ, ನೇರ ಕಾರಖಾನೆಗೆ ನಡೆದ. ನಾನು ಹಿಂದೆ ಹಿಂದೆ ಓಡಿದೆ. ಸಾವಕಾರರು ಮುಂಬಯಿಗೆ ಹೋಗಿದ್ದರು. ಮಗ್ಗಗಳು ಕಿವಿ ಕಿವುಡಾಗುವಂತೆ ಹೊಡೆಯುತ್ತಿದ್ದವು. ಕಾಕಾ ನೇಕಾರನಿಗೆ ಕೈಸನ್ನೆ ಮಾಡಿ ಒಂದು ಮಗ್ಗ ನಿಲ್ಲಿಸಿ, ನಿಚ್ಚಣಿಕೆ ಹತ್ತಿ, ಆ ಕಾರ್ಡು ಹುಡುಕಿ ಕಣ್ಣಿನ ತೂತಿಗೆ ತೇಪೆ ಹಚ್ಚಿದ. ಇಳಿದು ಕೆಮ್ಮಿ, ಎರಡನೆಯದನ್ನು ಹತ್ತಿ ಅದಕ್ಕೂ ಹಚ್ಚಿದ. ಮುಚ್ಚುಮರೆ ಏನೂ ಇಲ್ಲ, ಹಾಡುಹಗಲು. ನೇಕಾರರು ನೋಡುತ್ತಲೇ ಇದ್ದರು. ಕಾರ್ಡಿನ ದುರಸ್ತಿ ರಾಚಪ್ಪನ ಕೆಲಸ, ಅವರಿಗೇನು? ಅಂಟು ಆರಿದ ಮೇಲೆ ಮಗ್ಗ ಶುರುವಾಯಿತು. ಮುಂದೆ ಬಂದ ಗಿಳಿಗಳಿಗೆಲ್ಲ ಬಲಗಡೆ ಕಣ್ಣಿರಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆ ಚಾದರುಗಳು ಬಾಜಾರಕ್ಕೆ ಹೋದವು. ದೊಡ್ಡ ಅಂಗಡಿಯ ಶಿವಶರಣಪ್ಪನವರು ಗಂಟು ಬಿಚ್ಚಿ ಒಂದನ್ನು ಹರವಿದರು. ಮುಂಬಯಿಯಿಂದ ತಿರುಗಿ ಬಂದ ಶಾಂತಲಿಂಗಪ್ಪ ಸಾವಕಾರರು ಅಲ್ಲೇ ಗಾದಿಯ ಮೇಲೆ ಕೂತಿದ್ದರು, ಇನ್ನೂ ಇಬ್ಬರು ವ್ಯಾಪಾರಿಗಳೂ ಇದ್ದರು.

“ಇದು ಖಂಡಪ್ಪನ ಗಿಳಿ ಅಲ್ಲೇನ್ರಿ?” ಎಂದರಂತೆ ಶಿವಶರಣಪ್ಪ. “ಮಾಲಿ ಅಕ್ಕಲಕೋಟಿಗಿ ವಾಪಸ ಹೋಗೇದಂತ ನೀವ ಹೇಳಿದ್ರಿ. ಮುದುಕಿ ಮನ್ಯಾಗಿನ ಗಿಳಿ ನಿಮ್ಮ ಮಗ್ಗದ ಮ್ಯಾಲ ಹ್ಯಾಂಗ ಕುಂತದ?”

ಶಾಂತಲಿಂಗಪ್ಪನವರು ಏನೋ ಹೇಳಿ ನಕ್ಕರಂತೆ, ಯಾರೂ ಜೊತೆಗೆ ನಗಲಿಲ್ಲವಂತೆ. ವ್ಯಾಪಾರಿಗೆ ಮಾಲು ಕೆಟ್ಟರೂ ನಡೆಯುತ್ತದೆ, ಹೆಸರು ಕೆಡಬಾರದು. ಅವರು ಕಾರಖಾನೆಗೆ ಬಂದವರೇ ಎರಡೂ ನಕಲು ಇಳಿಸಿ, ಬಣ್ಣದ ಭಟ್ಟಿಗೆ ಹಾಕಿ ಸುಟ್ಟರು. ಆಮೇಲೆ ಯಾರು ಕೇಳಿದರೂ, ಎಲ್ಲಿದೆ ನಕಲು, ತೋರಿಸಿ ಎನ್ನಬಹುದಲ್ಲ. ಕಾಕಾನನ್ನು ಕರೆದು ಒಂದೇ ಮಾತು ಹೇಳಿದರು. “ನಿನ್ನ ಎದಿ ಹೋದಾಗ ಇಟ್ಟುಕೊಂಡವ ನಾ. ನನ್ನ ಮಾರಿಗಿ ಮಸಿ ಬಳದಿ.”

ಅದೂ ಸುಳ್ಳಲ್ಲ. ಅದೇ ಕಾಕಾನನ್ನು ಹೆಚ್ಚು ಸುಟ್ಟದ್ದು. ಉಂಡ ಮನೆಯ ಜಂತೆ ಎಣಿಸಿದವನು ಎಂದು ಊರೆಲ್ಲ ಆಯಿತು, ಯಾವ ಕಾರಖಾನೆಯವರೂ ಒಳಗೆ ಬಿಡಲಿಲ್ಲ. ಒಬ್ಬರ ಹತ್ತಿರ ಕಳ್ಳ, ಇನ್ನೊಬ್ಬರ ಹತ್ತಿರ ದ್ರೋಹಿ. ತಗಡು, ಉಳಿ, ಸುತ್ತಿಗೆ ಗಂಟು ಕಟ್ಟಿಕೊಂಡು ಅವನು ನಮ್ಮೂರು ಕರಜಗಿಗೆ ಬಂದ. ನಮ್ಮ ಅಪ್ಪ ಏನೂ ಕೇಳದೆ ಕೈಗೆ ಕೋಲು ಕೊಟ್ಟ. ಎದೆ ಕೆಟ್ಟ ಮನುಷ್ಯ ಮುದಿ ಕುರಿಗಳ ಹಿಂದೆ ನಿಧಾನವಾಗಿ ನಡೆದ. ಎರಡು ವರ್ಷ ಅವನು ಅಕ್ಕಲಕೋಟೆಯ ಹೆಸರೆತ್ತಲಿಲ್ಲ. ಮುಕ್ತಾಬಾಯಿಯ ಮಾಲೆ ಬೇರೆ ಕಾರಖಾನೆಗೆ ಬಾಡಿಗೆಗೆ ಹೋಗುತ್ತಿದೆ, ಈಗ ಅವಳೇ ಜೊತೆಗೆ ಹೋಗಿ ಕೂತು ಕಾಯುತ್ತಾಳೆ ಎಂದು ನಾನು ಕೇಳಿಬಂದ ಸುದ್ದಿ ಹೇಳಿದಾಗ, ಮುದುಕಿಗೆ ಆ ಧೂಳು ಆಗುವುದಿಲ್ಲ ಎಂದನೇ ಹೊರತು ಬೇರೆ ಮಾತಿಲ್ಲ. ಕುರಿ ಕಾಯುತ್ತ ಬೇವಿನೆಲೆ ಕಿತ್ತು ಮುಳ್ಳಿನಿಂದ ತೂತು ಮಾಡುತ್ತ ಕೂರುತ್ತಾನೆ ಎಂದು ನಮ್ಮವ್ವ ಹಣಮವ್ವ ಕಣ್ಣೀರು ತೆಗೆಯುತ್ತಿದ್ದಳು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ನಾನು ತವರಿಗೆ ಬಂದಿದ್ದೆ. ಒಂದು ದಿನ ಬೆಳಗಿನ ಬಸ್ಸಿನಿಂದ ಮುಕ್ತಾಬಾಯಿ ಇಳಿದಳು. ಬೆನ್ನು ಇನ್ನಷ್ಟು ಬಾಗಿತ್ತು. ಹೆಗಲಿಗೆ ಆ ಗಂಟು, ಇನ್ನೊಂದು ಕೈಯಲ್ಲಿ ಹೊಸ ರಟ್ಟಿನ ಕಟ್ಟು. ನಾನು ಓಡಿಹೋಗಿ ಇಸಕೊಂಡೆ. ಅಂಗಳದಲ್ಲಿ ನೀರು ಕುಡಿದು, “ಎಲ್ಲಿ ಅವ?” ಎಂದಳು.

ಕಾಕಾ ಹಟ್ಟಿಯಿಂದ ಬಂದವನು ಅವಳನ್ನು ಕಂಡು ಅಲ್ಲೇ ನಿಂತ, ಕೋಲು ಹಿಡಿದುಕೊಂಡೇ.

“ಮಾಲಿ ಸವದದ,” ಎಂದಳು ಮುದುಕಿ, ಅವನ ಮುಖ ನೋಡದೆ. “ಈ ಸಲ ಮಗ್ಗಕ್ಕ ಹಾಕಿದ್ರ ಹರೀತದ. ಒಂದ ನಕಲ ತಗದ ಕೊಡು.”

“ಸೊಲ್ಲಾಪುರದಾಗ ಭಾಳ ಮಂದಿ ಅದಾರಲ್ಲ,” ಎಂದ ಕಾಕಾ.

“ಅದಾರ. ಅವರ್ನ ನಾ ಹ್ಯಾಂಗ ನಂಬ್ಲಿ? ಅವರು ಇನ್ನ ಕದ್ದು ನೋಡಿಲ್ಲ. ನೀ ಕದ್ದು ಕೈ ಸುಟಗೊಂಡವ.”

ಇಂಥ ಮಾತನ್ನು ಬೈಗುಳ ಅನ್ನಬೇಕೋ ಏನನ್ನಬೇಕೋ ನನಗೆ ತಿಳಿಯಲಿಲ್ಲ. ಕಾಕಾ ಒಳಗೆ ಹೋಗಿ ತಗಡು ತಂದ. ತುಕ್ಕು ಹಿಡಿದಿತ್ತು. ಬೂದಿ ಹಚ್ಚಿ ತಿಕ್ಕಿದ, ಎಣ್ಣೆ ಸವರಿದ, ಉಳಿ ಮಸೆದ. ಬೇವಿನ ಗಿಡದ ಕೆಳಗೆ ಕೂತ. ಅವನು ಹೊಡೆದದ್ದನ್ನು ಮುಕ್ತಾಬಾಯಿ ಎದುರಿಗೆ ಕೂತು ದಬ್ಬಣದಿಂದ ಹೊಲಿಯುತ್ತಿದ್ದಳು. ಬೆರಳು ಬಾಗದಿದ್ದಾಗ ದಬ್ಬಣ ನನ್ನ ಕೈಗೆ ಬರುತ್ತಿತ್ತು. ಅವಳು ನಮ್ಮಲ್ಲೇ ಉಂಡು, ನಮ್ಮಲ್ಲೇ ಮಲಗಿ, ಕೆಲಸ ಮುಗಿಯುವವರೆಗೆ ಇದ್ದಳು. ದಿನವಿಡೀ ಉಳಿಯ ಸದ್ದು, ಕುರಿಗಳ ಸದ್ದು, ಕಾಕಾನ ಕೆಮ್ಮು.

ಒಂದು ಮಧ್ಯಾಹ್ನ ಉಳಿಯ ಸದ್ದು ನಿಂತುಹೋಯಿತು. ನಾನು ತಲೆಯೆತ್ತಿದೆ. ಕಾಕಾನ ಕೈಯಲ್ಲಿ ಒಂದು ಹಳೆಯ ಕಾರ್ಡಿತ್ತು. ಚಹಾ ಬಣ್ಣದ ತೇಪೆ ಈಗ ಕಪ್ಪಾಗಿ, ನನ್ನ ಕಣ್ಣಿಗೂ ಕಾಣುತ್ತಿತ್ತು.

“ಯಾಕ ನಿಂತಿ?” ಎಂದಳು ಮುಕ್ತಾಬಾಯಿ.

“ಆ ಕಾರ್ಡ ಬಂತು, ಅವ್ವಾ.”

ಮಾತು ಜಾರಿತ್ತು. ಅವನು ತುಟಿ ಕಚ್ಚಿಕೊಂಡ. ಮುದುಕಿ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು.

“ಇದ್ದದ್ದು ಇದ್ದಂಗ ಮಾಡು,” ಎಂದಳು.

ಕಾಕಾ ಹಳೆಯದನ್ನು ಹೊಸದರ ಮೇಲಿಟ್ಟು ಗೂಟಕ್ಕೆ ಸಿಕ್ಕಿಸಿದ. ಇದ್ದ ತೂತುಗಳನ್ನೆಲ್ಲ ಹೊಡೆದ. ತೇಪೆಯ ಹತ್ತಿರ ಬಂದಾಗ ಉಳಿಯನ್ನು ಅದಕ್ಕೆ ತಾಗದಂತೆ, ನಿದ್ದೆಯ ಕೂಸನ್ನು ದಾಟುವವನ ಹಾಗೆ ಎತ್ತಿ ದಾಟಿಸಿದ. ಬಿಡಿಸಿ ಹೊಸ ಕಾರ್ಡನ್ನು ಅವಳ ಕೈಗೆ ಕೊಟ್ಟ. ಅವಳು ಬೆರಳಾಡಿಸಿದಳು. ಆ ಜಾಗದಲ್ಲಿ ಎರಡು ಸಲ, ಮೂರು ಸಲ ಆಡಿಸಿದಳು. ಏನೂ ತಾಗಲಿಲ್ಲ. ತೂತೂ ಇಲ್ಲ, ತೇಪೆಯೂ ಇಲ್ಲ, ನುಣ್ಣನೆಯ ರಟ್ಟು. ಖಂಡಪ್ಪ ಇಟ್ಟಾಗ ಹೇಗಿತ್ತೋ ಹಾಗೆ. ಗಾಯ ನಕಲಿಗೆ ಇಳಿದಿರಲಿಲ್ಲ. ಮುದುಕಿ ಅದನ್ನು ಮಾಲೆಗೆ ಹೊಲಿದಳು.

ಕೆಲಸ ಮುಗಿದ ಮರುದಿನ ಅವಳು ಹೊರಟಳು. ಹೊಸ ಮಾಲೆಯನ್ನು ನಾನು ಗಂಟು ಕಟ್ಟಿ ಬಸ್ಸಿನ ತನಕ ಹೊತ್ತು ತಂದೆ. ಹಳೆಯ ಮಾಲೆ ಹೊರಸಿನ ಮೇಲೆಯೇ ಉಳಿದಿತ್ತು. ಕಾಕಾ ಅದನ್ನು ಎತ್ತಿಕೊಂಡು ಕೆಮ್ಮುತ್ತ ಓಡಿ ಬಂದ.

“ಇದು? ಇದು ಅಸಲರೀ.”

“ಅದು ನಿಂದು. ಇಟ್ಟುಕೊ,” ಎಂದಳು ಮುಕ್ತಾಬಾಯಿ, ಬಸ್ಸಿನ ಕಂಬಿ ಹಿಡಿದು ಮೇಲೆ ಹತ್ತುತ್ತ. ತಿರುಗಿ ನೋಡಲಿಲ್ಲ. ಬಸ್ಸು ಹೊರಟಿತು.

ಆಶೀರ್ವಾದವೋ ಶಿಕ್ಷೆಯೋ ಎಂದು ನಾನು ಅಲ್ಲೇ ನಿಂತು ತಲೆ ಕೆಡಿಸಿಕೊಂಡೆ. ಕಾಕಾ ದಾರಿಯ ಬದಿಯ ಕಲ್ಲಿನ ಮೇಲೆ ಕೂತು ಮಾಲೆ ಬಿಚ್ಚಿ, ಆ ಕಾರ್ಡು ಹುಡುಕಿ, ತೇಪೆಯ ಮೇಲೆ ಹೆಬ್ಬೆರಳಿಟ್ಟ.

“ಅವ್ವ ಅಂದೆ, ನೀಲವ್ವ,” ಎಂದ. “ಬ್ಯಾಡ ಅನಲಿಲ್ಲ.”

ಇನ್ನೊಮ್ಮೆ ಅದನ್ನೇ ಹೇಳಿದ. ಆಮೇಲೆ ಅಷ್ಟು ವರ್ಷದ್ದನ್ನು ಒಟ್ಟಿಗೆ ಅತ್ತ.